ಬ್ಯಾಟರಿ ವೀಕ್ ಇರಬೇಕು

ಅದು ಬೋಧನಾಭ್ಯಾಸದಲ್ಲಿ ನನ್ನ 11ನೇ ಪಾಠ. ಒಂಬತ್ತನೇ ತರಗತಿ, ಘಟಕ ‘ಶಬ್ದ’, ಉಪಘಟಕ ತರಂಗದ ಲಕ್ಷಣಗಳು. ಧಾರವಾಡದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿಯ ಸರ್ಕಾರಿ ಪ್ರೌಢಶಾಲೆ. ಕೊನೆಯ ಬೆಂಚಿನಲ್ಲಿ ವೀಕ್ಷಣೆಗೆ ಬಂದ ನಮ್ಮ ಉಪನ್ಯಾಸಕರು, ಅವರ ಪಕ್ಕ ಇಬ್ಬರು ಸಹ ಪ್ರಶಿಕ್ಷಣಾರ್ಥಿಗಳು. 5ಇ ಮಾದರಿಯ ಪಾಠಯೋಜನೆಯನ್ನು ಎರಡು ಸಲ ತಿದ್ದಿ ಬರೆದಿದ್ದೆ. ಸ್ಪ್ರಿಂಗ್ ಎಳೆದು ಸಂಪೀಡನ, ವಿರಳನ ತೋರಿಸಿದೆ. ತರಂಗದೂರ, ಆವೃತ್ತಿ, ಪಾರ ಎಲ್ಲವೂ ಕಪ್ಪುಹಲಗೆಯ ಮೇಲೆ ಸಾಲಾಗಿ ಬಂದವು. ಗಂಟೆಗೆ ಇನ್ನೂ ನಾಲ್ಕು ನಿಮಿಷ ಇತ್ತು. ಮೌಲ್ಯಮಾಪನದ ಪ್ರಶ್ನೆಗಳೂ ಮುಗಿದಿದ್ದವು. ಆ ನಾಲ್ಕು ನಿಮಿಷವನ್ನು ಏನು ಮಾಡಬೇಕೆಂದು ತೋಚದೆ, “ಯಾರಿಗಾದರೂ ಸಂಶಯ ಇದೆಯಾ?” ಎಂದೆ. ಇರುವುದಿಲ್ಲ ಎಂಬ ಧೈರ್ಯದಿಂದಲೇ ಕೇಳುವ ಪ್ರಶ್ನೆ ಅದು.

ಮೂರನೇ ಬೆಂಚಿನ ಹುಡುಗಿ ಎದ್ದಳು. “ಟೀಚರ್ರಿ, ರಾತ್ರಿ ನಮ್ಮಜ್ಜನ ರೇಡಿಯೊದಾಗ ದನಿ ಒಮ್ಮೆ ಜೋರಾಕ್ಕೈತಿ, ಮತ್ತ ಸಣ್ಣಗಾಕ್ಕೈತಿ, ಮತ್ತ ಜೋರಾಕ್ಕೈತಿ. ಅದೂ ಅಲೀನ ಏನ್ರಿ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಕೊನೆಯ ಬೆಂಚು ಕಾಣುತ್ತಿತ್ತು. “ಬ್ಯಾಟರಿ ವೀಕ್ ಇರಬೇಕವ್ವಾ. ಹೊಸಾ ಸೆಲ್ ಹಾಕ್ರಿ ಅಂತ ಅಜ್ಜಗ ಹೇಳು” ಎಂದೆ. ತರಗತಿ ನಕ್ಕಿತು. ಅವಳು ಕೂಡುತ್ತ, ಯಾರಿಗೂ ಹೇಳಿದಂತಲ್ಲದೆ, “ಸೆಲ್ ಮೊನ್ನೆನ ಹಾಕ್ಯಾರ್ರಿ” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಪಾಠ ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು. ಬೋಧನೋಪಕರಣದ ಬಳಕೆ ಉತ್ತಮ, ಧ್ವನಿಯ ಏರಿಳಿತ ಉತ್ತಮ. ಸಲಹೆಗಳ ಜಾಗದಲ್ಲಿ ಮಾತ್ರ ಒಂದೇ ಸಾಲು: “ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಕ್ಕಿದೆಯೇ?” ಕೆಳಗೆ ಸರ್ ಸಹಿ.

ರಾತ್ರಿ ಹಾಸ್ಟೆಲ್ಲಿನಲ್ಲಿ ಬಿ.ಎಸ್ಸಿ.ಯ ಹಳೆಯ ನೋಟ್ಸ್ ತೆಗೆದೆ. ನಾಚಿಕೆಯಾದದ್ದು ಆಗ. ‘ಅಯಾನುಗೋಳ’ ಎಂಬ ಐದು ಅಂಕದ ಟಿಪ್ಪಣಿ ನನ್ನದೇ ಅಕ್ಷರದಲ್ಲಿತ್ತು. ಸೂರ್ಯನ ಅತಿನೇರಳೆ ಮತ್ತು ಕ್ಷ-ಕಿರಣಗಳು ಸುಮಾರು 60 ಕಿಲೋಮೀಟರಿನಿಂದ ಮೇಲಿನ ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಅಲ್ಲಿ ಡಿ, ಇ, ಎಫ್ ಎಂಬ ಪದರಗಳಿವೆ. ಶಾರ್ಟ್‌ವೇವ್ ರೇಡಿಯೊ ಅವುಗಳಿಂದ ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಇಂಗ್ಲೆಂಡಿನಿಂದ ಕಳಿಸಿದ ಸಂಕೇತ ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿಸಿತು, ಭೂಮಿಯ ಬಾಗನ್ನು ಅದು ದಾಟಿದ್ದು ಹೇಗೆ ಎಂಬುದಕ್ಕೆ ಮರುವರ್ಷ ಕೆನೆಲಿ ಮತ್ತು ಹೆವಿಸೈಡ್ ಇಂಥ ಪದರವನ್ನು ಊಹಿಸಿದರು ಎಂಬ ಚರಿತ್ರೆಯೂ ಇತ್ತು. ಅಡಿಯಲ್ಲಿ ಕೆಂಪು ಗೆರೆ, ‘ಮುಖ್ಯ’. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ಅಜ್ಜನ ರೇಡಿಯೊಕ್ಕೆ ಸೆಲ್ ಬದಲಿಸಲು ಹೇಳಿ ಬಂದಿದ್ದೆ.

ಓದುತ್ತ ಹೋದಂತೆ ಇನ್ನೊಂದು ಸಿಕ್ಕಿತು. ಎಡ್ವರ್ಡ್ ಆಪಲ್ಟನ್ ಕೇಂಬ್ರಿಜ್‌ನಲ್ಲಿ ಕುಳಿತು ಲಂಡನ್ನಿನ ಬಿಬಿಸಿ ಪ್ರಸಾರವನ್ನು ಅಳೆಯುತ್ತಿದ್ದಾಗ ಗಮನಿಸಿದ್ದೂ ಇದನ್ನೇ: ಹಗಲು ದನಿ ಸ್ಥಿರ, ರಾತ್ರಿ ಏರಿಳಿತ. ನೆಲದ ಮೇಲೆ ನೇರವಾಗಿ ಬಂದ ಅಲೆಯೂ ಮೇಲಿನಿಂದ ಮರಳಿದ ಅಲೆಯೂ ಕೂಡಿದಾಗ ಹೀಗಾಗುತ್ತದೆ ಎಂದು ಅವರು ತರ್ಕಿಸಿದರು. 1924ರ ಡಿಸೆಂಬರಿನಲ್ಲಿ ಬೋರ್ನ್‌ಮತ್‌ನ ಬಿಬಿಸಿ ಪ್ರಸಾರ ಕೇಂದ್ರದ ಆವೃತ್ತಿಯನ್ನು ಸ್ವಲ್ಪ ಸ್ವಲ್ಪ ಬದಲಿಸುವಂತೆ ಮಾಡಿ, ಆಕ್ಸ್‌ಫರ್ಡಿನಲ್ಲಿ ಅದನ್ನು ಹಿಡಿದು, ಪದರದ ಎತ್ತರ ಲೆಕ್ಕ ಹಾಕಿದರು. ಅದು ಸುಮಾರು 100 ಕಿಲೋಮೀಟರ್. 1947ರಲ್ಲಿ ನೊಬೆಲ್ ಬಂತು. ಅವರು ಕೇಳಿಕೊಂಡ ಪ್ರಶ್ನೆ ಮೂರನೇ ಬೆಂಚಿನಲ್ಲಿತ್ತು, ನಾನು ನಗಿಸಿ ಕೂರಿಸಿದ್ದೆ.

ಮರುದಿನವೇ ಹೋಗಿ ತಿದ್ದಿಬಿಡಬೇಕು ಎಂಬ ಆತುರ. ಆತುರದಲ್ಲಿ ಎರಡನೆಯ ತಪ್ಪು ಮಾಡುವವಳಿದ್ದೆ. ಅಯಾನುಗೋಳದಲ್ಲೇ ಅಲೆಗಳು ಸಂಚರಿಸುತ್ತವೆ ಎಂದು ಓದಿದ್ದೇ ತಡ, ‘ಅದೂ ಅಲೀನ ಏನ್ರಿ’ ಎಂಬುದಕ್ಕೆ ಸಿದ್ಧ ಉತ್ತರ ಸಿಕ್ಕಿತೆಂದು ಕುಣಿದೆ. ಚಾರ್ಟ್ ಬರೆದೆ: ‘ಆಕಾಶದಲ್ಲಿ ಗುರುತ್ವ ತರಂಗ’. ಚಾರ್ಟ್ ನೋಡಿದ ಗೆಳತಿ, ಅದು 2015ರಲ್ಲಿ ಲೈಗೊ ಪತ್ತೆ ಮಾಡಿದ್ದಲ್ಲವೇ, ಎರಡು ಕಪ್ಪುಕುಳಿ ಢಿಕ್ಕಿ ಹೊಡೆದದ್ದು ಎಂದಳು. ಕನ್ನಡದಲ್ಲಿ ಎರಡಕ್ಕೂ ಅದೇ ಹೆಸರು ಅಂಟಿಕೊಂಡಿದೆ, ಸಂಬಂಧ ಇಲ್ಲ. ಇದು ಬರೀ ಗಾಳಿಯ ತೇಲಾಟ. ಬಾವಿಯ ನೀರಿನಲ್ಲಿ ಖಾಲಿ ಕೊಡವನ್ನು ಒತ್ತಿ ಬಿಟ್ಟರೆ ಮೇಲೆ ಹಾರಿ, ಮತ್ತೆ ಇಳಿದು, ಮತ್ತೆ ಏರುತ್ತದಲ್ಲ, ಹಾಗೆ. ಮೇಲೆ ತಳ್ಳಲ್ಪಟ್ಟ ಗಾಳಿ ಸುತ್ತಲಿನದಕ್ಕಿಂತ ಭಾರವಾಗಿ ಕೆಳಗೆ ಬೀಳುತ್ತದೆ, ವೇಗದಲ್ಲಿ ತನ್ನ ಜಾಗವನ್ನು ದಾಟಿ ಹೋಗುತ್ತದೆ, ಮತ್ತೆ ಏರುತ್ತದೆ. ಚಾರ್ಟನ್ನು ‘ಗಾಳಿಯ ತೇಲಲೆ’ ಎಂದು ತಿದ್ದಿದೆ. ಪಾರಿಭಾಷಿಕ ಪದಕೋಶದಲ್ಲಿ ಇದು ಇರಲಾರದು, ಇರಲಿ.

ಈ ಚಾರ್ಟನ್ನು ತೋರಿಸಿದಾಗ ಸರ್ ಕೇಳಿದ್ದು ಒಂದೇ: “ಆ ಹುಡುಗಿ ಹೇಳಿದ ಏರಿಳಿತ ಎಷ್ಟು ಹೊತ್ತಿಗೊಮ್ಮೆ ಆಗೂದು? ಸೆಕೆಂಡಿಗೋ, ನಿಮಿಷಕ್ಕೋ?”

ಕೇಳಿರಲಿಲ್ಲ. ಆ ಪ್ರಶ್ನೆಯಲ್ಲೇ ಎಲ್ಲ ಇತ್ತು. ಕೆಲವೇ ಸೆಕೆಂಡುಗಳಲ್ಲಿ ದನಿ ಹೋಗಿ ಬರುವುದು ಒಂದೇ ಸ್ಟೇಷನ್ನಿನ ಅಲೆ ಎರಡು ಮೂರು ದಾರಿಗಳಲ್ಲಿ ಬಂದು ಒಂದನ್ನೊಂದು ಕೂಡುವುದರಿಂದ, ಕಳೆಯುವುದರಿಂದ. ಆಪಲ್ಟನ್ ಕಂಡ ಜಾತಿಯದು. ತೇಲಲೆಗೆ ಅಷ್ಟು ಅವಸರವಿಲ್ಲ. ನೆಲದ ಹತ್ತಿರದ ಗಾಳಿ ಒಂದು ಸಲ ತೇಲಿ ಮುಳುಗಲು ಐದು ನಿಮಿಷವಾದರೂ ಬೇಕು. ಎಫ್ ಪದರದ ಎತ್ತರದಲ್ಲಿ, ಅಂದರೆ 250–300 ಕಿಲೋಮೀಟರಿನಲ್ಲಿ, ಹತ್ತು ನಿಮಿಷಕ್ಕೂ ಹೆಚ್ಚು. ಮಧ್ಯಮ ಗಾತ್ರದ ಅಲೆಗಳು ಸಾಮಾನ್ಯವಾಗಿ 15 ನಿಮಿಷದಿಂದ ಒಂದು ತಾಸಿನವರೆಗೆ ತೂಗುತ್ತವೆ. ತರಂಗದೂರ ಕೆಲವು ನೂರು ಕಿಲೋಮೀಟರ್, ವೇಗ ಸೆಕೆಂಡಿಗೆ 100–250 ಮೀಟರ್. ಸೌರ ಬಿರುಗಾಳಿ ಧ್ರುವಗಳ ಮೇಲಿನ ಗಾಳಿಯನ್ನು ಕಾಯಿಸಿದಾಗ ಹುಟ್ಟುವ ದೊಡ್ಡ ಅಲೆಗಳ ತರಂಗದೂರ ಸಾವಿರ ಕಿಲೋಮೀಟರಿಗೂ ಮೇಲೆ. ಹೀಗಿರುವಾಗ ಸೆಕೆಂಡಿನ ಏರಿಳಿತಕ್ಕೆ ತೇಲಲೆಯನ್ನು ಕಾರಣ ಮಾಡಿದ್ದರೆ, ಬ್ಯಾಟರಿಗಿಂತ ದೊಡ್ಡ ಹೆಸರಿನ ಇನ್ನೊಂದು ಸುಳ್ಳು ಹೇಳಿದಂತಾಗುತ್ತಿತ್ತು. ದೊಡ್ಡ ಹೆಸರು ಇದ್ದುದರಿಂದ ಯಾರೂ ನಗುತ್ತಿರಲಿಲ್ಲ.

ಮುಂದಿನ ಪಾಠದ ದಿನ ಪೀಠಿಕೆಗೆ ಮೊದಲೇ ಹೇಳಿದೆ: “ಅವತ್ತು ನಾ ಹೇಳಿದ್ದು ಖರೆ ಅಲ್ಲ. ಗೊತ್ತಿರಲಿಲ್ಲ, ಅದಕ್ಕ ಏನೋ ಹೇಳಿದೆ.” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅನಂತರ ಅವಳನ್ನು ಕೇಳಿದೆ, ದನಿ ಎಷ್ಟು ಹೊತ್ತಿಗೊಮ್ಮೆ ಏರುತ್ತದೆ ಎಂದು. “ನೋಡಿಲ್ರಿ” ಎಂದಳು. ನೋಡಿ ಬರೆಯುವುದಾಗಿ ಒಪ್ಪಂದವಾಯಿತು. ಪ್ರತಿ ನಿಮಿಷಕ್ಕೆ ಸೊನ್ನೆಯಿಂದ ಐದರವರೆಗೆ ಒಂದು ಅಂಕಿ. ದನಿಯ ತಿರುಗಣಿ ಮುಟ್ಟಬಾರದು, ರೇಡಿಯೊ ಇಟ್ಟ ಜಾಗ ಬದಲಿಸಬಾರದು.

ಅಜ್ಜನನ್ನು ನಾನು ನೋಡಿಲ್ಲ. ಮೊಮ್ಮಗಳ ಮಾತಿನಲ್ಲಿ ಕೇಳಿದ್ದಷ್ಟೇ. ರೇಡಿಯೊ ಸಿಲೋನ್ ಕಾಲದಿಂದ ಕೇಳುತ್ತ ಬಂದವರು. ಈಗ ರಾತ್ರಿ ಶಾರ್ಟ್‌ವೇವ್‌ನಲ್ಲಿ ಹಿಂದಿ ಹಾಡು ಬರುವ ಯಾವುದೋ ಒಂದು ಸ್ಟೇಷನ್ನು. ಅದರ ಹೆಸರು ಅವರಿಗೆ ಬೇಕಾಗಿಲ್ಲ, ಮುಳ್ಳು ನಿಲ್ಲಬೇಕಾದ ಕಡೆ ಗಾಜಿನ ಮೇಲೆ ಸುಣ್ಣದ ಬೊಟ್ಟು ಇಟ್ಟಿದ್ದಾರೆ. ದನಿ ಸಣ್ಣದಾದಾಗ ಮೈಮೇಲೆ ಚಾದರ ಎಳೆದುಕೊಂಡು ಸುಮ್ಮನೆ ಕಾಯುತ್ತಾರಂತೆ. “ಬರ್ತೈತಿ ತಡಿ” ಎನ್ನುತ್ತಾರಂತೆ.

ನಾಲ್ಕು ದಿನದ ಮೇಲೆ ಅವಳು ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಂದಳು. ರಾತ್ರಿ 8ರಿಂದ 9.30ರವರೆಗೆ, 90 ಅಂಕಿಗಳು. ನಡುವೆ ನಾನು ಹೇಳದ ಒಂದು ಕೆಲಸವನ್ನೂ ಮಾಡಿದ್ದಳು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಮುಳ್ಳನ್ನು ಸರಿಸಿ ಧಾರವಾಡ ಆಕಾಶವಾಣಿ ಹಚ್ಚಿ ಅದಕ್ಕೂ ಅಂಕಿ ಹಾಕಿದ್ದಳು. ಎಲ್ಲ ಸಲವೂ ಐದು. “ಯಾಕವ್ವಾ ಇದು?” ಎಂದರೆ, “ಸೆಲ್ ವೀಕ್ ಇದ್ರ ಧಾರವಾಡನೂ ಸಣ್ಣಗಾಗಬೇಕಿತ್ತಲ್ರಿ” ಎಂದಳು.

ಇಡೀ ಬಿ.ಇಡಿ.ಯಲ್ಲಿ ‘ನಿಯಂತ್ರಿತ ಪ್ರಯೋಗ’ ಎಂಬುದನ್ನು ವ್ಯಾಖ್ಯೆಯಾಗಿ ಎಷ್ಟು ಸಲ ಬರೆದಿದ್ದೇನೋ. ಅವಳು ನನ್ನ ತಪ್ಪು ಉತ್ತರವನ್ನೂ ಬಿಸಾಡದೆ ಪರೀಕ್ಷೆಗೆ ಒಡ್ಡಿ ತಂದಿದ್ದಳು. ಹತ್ತಿರದ ಮೀಡಿಯಂವೇವ್ ಸ್ಟೇಷನ್ನು ನೆಲಗುಂಟ ಬರುತ್ತದೆ, ಅದಕ್ಕೆ ಮೇಲಿನ ಪದರದ ಹಂಗು ಕಡಿಮೆ. ದೂರದ್ದು ಮೇಲೆ ಹೋಗಿಯೇ ಬರಬೇಕು.

ಆ 90 ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ತರಗತಿಯೇ ಗುರುತಿಸಿತು. ಚಿಕ್ಕ ಚಿಕ್ಕ ನಡುಕ ಬಹಳ ಇತ್ತು. ಅವುಗಳನ್ನು ಸವರಿಕೊಂಡು ನೋಡಿದರೆ ಮೂರು ಉಬ್ಬುಗಳು: 8.20ರ ಹತ್ತಿರ ಒಂದು, 8.40 ದಾಟಿ ಒಂದು, 9ರ ಮೇಲೆ ಒಂದು. ಸುಮಾರು 20 ನಿಮಿಷಕ್ಕೊಮ್ಮೆ. ನನ್ನ ಎದೆ ಹೊಡೆದುಕೊಂಡಿತು, ಪುಸ್ತಕದ ಅಂಕಿಗೆ ಸರಿಯಾಗಿ ಕೂಡುತ್ತಿತ್ತು. ಆದರೆ ಇದು ಕಿವಿಯ ಅಳತೆ, ಒಂದೇ ರಾತ್ರಿಯದು. ರೇಡಿಯೊದ ಒಳಗೂ ದನಿಯನ್ನು ಸಮ ಮಾಡುವ ಏರ್ಪಾಡು ಇರುತ್ತದೆ. ‘ಇರಬಹುದು’ ಎಂದು ಹಲಗೆಯ ಮೇಲೆ ಬರೆದು ನಿಲ್ಲಿಸಿದೆ.

ಇರಬಹುದು ಎಂಬುದು ಹೇಗೆ ಎಂದು ತೋರಿಸಲು ಶಾಲೆಯ ನೀರಿನ ತೊಟ್ಟಿ ಸಾಕಾಯಿತು. ಬಿಸಿಯೂಟದ ಕೋಣೆಯ ಪಕ್ಕದಲ್ಲಿದೆ. ಬೆಳಗಿನ ಬಿಸಿಲು ತೊಟ್ಟಿಯ ನೀರಿಗೆ ಬಿದ್ದು ಕೋಣೆಯ ಗೋಡೆಯ ಮೇಲೆ ಹೊಳೆಯುತ್ತದೆ. ನೀರು ನಿಂತಿದ್ದರೆ ಗೋಡೆಯ ಮೇಲೆ ಒಂದೇ ಸಮನೆಯ ಬೆಳಕು. ಬೆರಳಿನಿಂದ ನೀರನ್ನು ತಟ್ಟಿದರೆ ಬೆಳಕು ಗೆರೆಗೆರೆಯಾಗಿ ಓಡುತ್ತದೆ. ಒಂದು ಕಡೆ ಕಣ್ಣು ಕುಕ್ಕುವಷ್ಟು, ಪಕ್ಕದಲ್ಲೇ ಮಬ್ಬು. ನೀರಿನ ತಗ್ಗು ಬೆಳಕನ್ನು ಕೂಡಿಸುತ್ತದೆ, ಉಬ್ಬು ಚದುರಿಸುತ್ತದೆ. ಎಫ್ ಪದರವನ್ನು ತಲೆಕೆಳಗಾದ ತೊಟ್ಟಿ ಎಂದುಕೊಂಡರೆ, ಗೋಡೆಯ ಮೇಲಿನ ಒಂದು ಚುಕ್ಕೆ ಅಜ್ಜನ ರೇಡಿಯೊ. ಅಲೆ ಸಾಗಿದಂತೆ ಅದರ ಮೇಲೆ ಬೆಳಕು ಬರುತ್ತದೆ, ಹೋಗುತ್ತದೆ.

ಆಗ ಅವಳದೇ ಮುಂದಿನ ಪ್ರಶ್ನೆ: “ಅಲಿ ಯಾ ಕಡಿಂದ ಬಂತು ಅಂತ ಹೆಂಗ ಗೊತ್ತಾಕ್ಕೈತ್ರಿ?” ಒಂದು ಚುಕ್ಕೆಯನ್ನೇ ನೋಡುತ್ತಿದ್ದರೆ ಗೊತ್ತಾಗುವುದಿಲ್ಲ. ಈ ಸಲ ಉತ್ತರ ಓದಿಕೊಂಡು ಹೋಗಿದ್ದೆ. ಆಸ್ಟ್ರೇಲಿಯಾದ ಸಿಡ್ನಿ ಬಳಿ ಮನ್ರೋ ಎಂಬವರು 1940ರ ದಶಕದಲ್ಲಿ ಒಂದಕ್ಕೊಂದು ದೂರದ ಮೂರು ಕಡೆ ಅಯಾನುಗೋಳದ ಪ್ರತಿಫಲನವನ್ನು ದಾಖಲಿಸಿ, ಅದೇ ಏರಿಳಿತ ಒಂದು ಕಡೆ ಮೊದಲು, ಇನ್ನೊಂದು ಕಡೆ ತಡವಾಗಿ ಕಾಣುವುದನ್ನು ತೋರಿಸಿದರು. ಆ ತಡದಿಂದಲೇ ದಿಕ್ಕು, ವೇಗ ಎರಡೂ ಸಿಕ್ಕವು. ಇವು ಗಾಳಿಯ ತೇಲಾಟದ ಅಲೆಗಳೇ ಎಂದು ಕಾಲಿನ್ ಹೈನ್ಸ್ 1960ರಲ್ಲಿ ವಿವರಿಸಿದರು. ತೊಟ್ಟಿಯಲ್ಲಿ ಮೂರು ಥರ್ಮೋಕೋಲ್ ಚೂರು ತೇಲಿಬಿಟ್ಟು, ಒಬ್ಬ ಹುಡುಗ ಗೋಡೆಯ ಕಡೆ ಮುಖ ಮಾಡಿ ನಿಂತು, ಗೆಳೆಯರು ‘ಒಂದು, ಎರಡು, ಮೂರು’ ಎಂದು ಚೂರುಗಳು ಕುಣಿದ ಕ್ರಮವನ್ನು ಕೂಗುವುದನ್ನಷ್ಟೇ ಕೇಳಿ, ನೀರನ್ನು ತಟ್ಟಿದ ಮೂಲೆಯನ್ನು ಹೇಳಿದ. ಇದಕ್ಕೆ ಇಡೀ ಅವಧಿ ಹೋಯಿತು. ಪಾಠಯೋಜನೆಯಲ್ಲಿ ಎಂಟು ನಿಮಿಷ ಬರೆದಿದ್ದೆ.

ನೆಲದ ಹತ್ತಿರದ ಸಣ್ಣ ಅಲುಗಾಟ ಅಷ್ಟೆತ್ತರದಲ್ಲಿ ಲೆಕ್ಕಕ್ಕೆ ಬರುವಷ್ಟು ದೊಡ್ಡದಾಗುವುದು ಏಕೆ ಎಂಬುದನ್ನು ಮಾತ್ರ ಬೇಗ ಹೇಳಿ ಮುಗಿಸಿದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. 100 ಕಿಲೋಮೀಟರಿನಲ್ಲಿ ಸಾಂದ್ರತೆ ನೆಲದ್ದರ ಹತ್ತು ಲಕ್ಷದ ಒಂದು ಪಾಲಿಗೂ ಕಡಿಮೆ. ಅಷ್ಟೇ ಶಕ್ತಿ ಕಡಿಮೆ ಗಾಳಿಯನ್ನು ಅಲುಗಿಸಬೇಕಾದರೆ ಪಾರ ಸಾವಿರ ಪಟ್ಟು ಬೆಳೆಯುತ್ತದೆ. ದಾರಿಯಲ್ಲಿ ಎಷ್ಟೋ ಅಲೆಗಳು ಸೋತು ಅಡಗುತ್ತವೆ, ಉಳಿದವು ಎಲೆಕ್ಟ್ರಾನುಗಳನ್ನೂ ತೂಗುತ್ತವೆ. ಗುಡುಗಿನ ಮೋಡ, ಬೆಟ್ಟ ಹತ್ತುವ ಗಾಳಿ, ಸೂರ್ಯಗ್ರಹಣದ ನೆರಳು, ಸುನಾಮಿ, ಯಾವುದರಿಂದಲೂ ಹುಟ್ಟಬಹುದು.

ಹುಟ್ಟಿದ ಜಾಗ ಖಚಿತವಾಗಿ ಗೊತ್ತಿರುವ ಒಂದು ಅಲೆಯನ್ನು ಕೊನೆಯ ಪಾಠಕ್ಕೆ ಇಟ್ಟುಕೊಂಡೆ. 2022ರ ಜನವರಿ 15, ಶಾಂತಸಾಗರದ ಟೋಂಗಾ ದ್ವೀಪಗಳ ಹತ್ತಿರ ಹುಂಗಾ ಟೋಂಗಾ ಜ್ವಾಲಾಮುಖಿ ಸಿಡಿಯಿತು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಸುಮಾರು 9.45. ಗಾಳಿಯ ಒತ್ತಡದ ಅಲೆಯೊಂದು ಸೆಕೆಂಡಿಗೆ ಸುಮಾರು 315 ಮೀಟರಿನಂತೆ ಹೊರಟು ಭೂಮಿಯನ್ನು ಹಲವು ಸುತ್ತು ಹಾಕಿತು. ನಮ್ಮೂರಿಗೆ ದೂರ ಸುಮಾರು 12,600 ಕಿಲೋಮೀಟರ್. ನಮ್ಮ ತಲೆಯ ಮೇಲೆ ಎಷ್ಟಕ್ಕೆ ಹಾದಿರಬೇಕು? ಪಾಠಪುಸ್ತಕದ 344 ಹಾಕಿದವರಿಗೆ ಒಂದು ಉತ್ತರ, 315 ಹಾಕಿದವರಿಗೆ ಇನ್ನೊಂದು. ಮೇಲಿನ ಗಾಳಿ ತಣ್ಣಗಿರುತ್ತದೆ, ಅದಕ್ಕೇ ವೇಗ ಕಡಿಮೆ ಎಂದು ಆ ಜಗಳ ತೀರಿತು. ಹನ್ನೊಂದು ತಾಸು ಚಿಲ್ಲರೆ. ರಾತ್ರಿ 8.50ರ ಸುಮಾರು.

“ನಮಗ್ಯಾಕ ಕೇಳ್ಸಲಿಲ್ರಿ?” ಎಂದ ಒಬ್ಬ. 20 ಹರ್ಟ್ಸ್‌ಗಿಂತ ಕೆಳಗಿನದು ಕಿವಿಗೆ ಕೇಳದು ಎಂದು ಅದೇ ಘಟಕದಲ್ಲಿದೆ. ಈ ಅಲೆ ಒಂದು ಸಲ ಏರಿ ಇಳಿಯಲು ನಿಮಿಷಗಳನ್ನೇ ತೆಗೆದುಕೊಂಡಿತ್ತು.

ಅದೇ ಸಿಡಿತ ಅಯಾನುಗೋಳವನ್ನೂ ತೂಗಿತ್ತು. ಅದನ್ನು ಕಂಡದ್ದು ಜಿಪಿಎಸ್‌ನಂಥ ಉಪಗ್ರಹಗಳ ಸಂಕೇತದಿಂದ. ಎಲೆಕ್ಟ್ರಾನುಗಳ ನಡುವೆ ಹಾದು ಬರುವಾಗ ಸಂಕೇತ ತುಸು ತಡವಾಗುತ್ತದೆ, ಎರಡು ಆವೃತ್ತಿಗಳಲ್ಲಿ ಕಳಿಸಿದರೆ ತಡ ಬೇರೆ ಬೇರೆ. ಆ ವ್ಯತ್ಯಾಸದಿಂದ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನು ಇದ್ದವೆಂದು ತಿಳಿಯುತ್ತದೆ. ಹಾಸನದಿಂದ ನಿಯಂತ್ರಿಸುವ ನಮ್ಮ ನಾವಿಕ್ ಉಪಗ್ರಹಗಳೂ ಎರಡು ಆವೃತ್ತಿ ಬಳಸುತ್ತವೆ. ತರಗತಿಗೆ ಅಚ್ಚರಿ ಎನಿಸಿದ್ದು ಜಪಾನಿನ ಸಂಗತಿ: ಒತ್ತಡದ ಅಲೆ ಅಲ್ಲಿಗೆ ತಲುಪುವ ಕೆಲವು ತಾಸು ಮೊದಲೇ ಅಲ್ಲಿನ ಅಯಾನುಗೋಳ ಏರಿಳಿಯತೊಡಗಿತ್ತು. ಆ ಹೊತ್ತಿಗೆ ಅಲೆ ಆಸ್ಟ್ರೇಲಿಯಾದ ಕಡೆ ಇತ್ತು. ಅಲ್ಲಿ ಎದ್ದ ವಿದ್ಯುತ್ ಕ್ಷೇತ್ರ ಭೂಮಿಯ ಕಾಂತರೇಖೆಗಳ ಗುಂಟ ಸಮಭಾಜಕವನ್ನು ದಾಟಿ, ಅದೇ ರೇಖೆಗಳ ಇನ್ನೊಂದು ತುದಿಯಲ್ಲಿರುವ ಜಪಾನಿನ ಮೇಲೆ ನಕಲು ಮೂಡಿಸಿತ್ತು. ಗಾಳಿಗಿಂತ ಮೊದಲು ಗಾಳಿಯ ಸುದ್ದಿ. ಇದನ್ನು ಹೇಳುವಾಗ ಸರ್ ಕೂಡ ಬರೆದುಕೊಳ್ಳುತ್ತಿದ್ದರು. ಅಂಕ ಹಾಕುತ್ತಿದ್ದರೋ ಏನೋ, ನೋಡಲಿಲ್ಲ.

ಈಗ ಉಳಿದ ಕೆಲಸ. ಮೂರು ಕಡೆ ಕೇಳಬೇಕು ಎಂದು ಹುಡುಗಿ ಪಟ್ಟು ಹಿಡಿದಿದ್ದಾಳೆ. ಪಕ್ಕದ ಹಳ್ಳಿಗಳು ಸಾಲವು. ಸೆಕೆಂಡಿಗೆ 150 ಮೀಟರ್ ಎಂದರೆ ನಿಮಿಷಕ್ಕೆ ಒಂಬತ್ತು ಕಿಲೋಮೀಟರ್, ನಮ್ಮ ನಿಮಿಷದ ಅಂಕಿಗೆ ಅದು ಸಿಕ್ಕುವುದಿಲ್ಲ. ಸಾಲದ್ದಕ್ಕೆ ಅಲೆ ತಾಗುವುದು ನಮ್ಮ ನೆತ್ತಿಯ ಮೇಲಲ್ಲ, ಸ್ಟೇಷನ್ನಿಗೂ ನಮಗೂ ನಡುವಿನ ಆಕಾಶದಲ್ಲಿ. ಕೇಳುವವರ ನಡುವಿನ ಅಂತರ ಅಲ್ಲಿ ಅರ್ಧವಾಗುತ್ತದೆ. 70–80 ಕಿಲೋಮೀಟರ್ ದೂರ ಕುಳಿತರೆ ನಾಲ್ಕು ನಿಮಿಷದ ತಡ ಸಿಗಬಹುದು. ನಮ್ಮ ಬ್ಯಾಚಿನಲ್ಲಿ ಗದಗದವರಿದ್ದಾರೆ, ಬೆಳಗಾವಿಯವರಿದ್ದಾರೆ. ದಸರಾ ರಜೆಗೆ ಊರಿಗೆ ಹೋಗುವವರ ಮನೆಯಲ್ಲಿ ಶಾರ್ಟ್‌ವೇವ್ ಇರುವ ರೇಡಿಯೊ ಅಟ್ಟದ ಮೇಲಾದರೂ ಇದ್ದರೆ ನನಗೆ ತಿಳಿಸಿ. ಗದಗಿನಲ್ಲಿ ಒಂದು ಸಿಕ್ಕಿದೆ. ಬೆಳಗಾವಿ ಕಡೆಯದು ಇನ್ನೂ ಸಿಕ್ಕಿಲ್ಲ. ಸುಣ್ಣದ ಬೊಟ್ಟಿನ ಆ ಸ್ಟೇಷನ್ನು ಯಾವ ಊರಿನದು ಎಂಬುದೂ ಗೊತ್ತಾಗಬೇಕು. ಅದಕ್ಕಾಗಿ ಹುಡುಗಿ ರಾತ್ರಿ ಹಾಡಿನ ನಡುವೆ ಹೆಸರು ಹೇಳುವುದನ್ನು ಕಾಯುತ್ತಿದ್ದಾಳೆ. ಎರಡು ಸಲ ಹೇಳಿದರಂತೆ, ಎರಡೂ ಸಲ ಸರಿಯಾಗಿ ಆ ಹೊತ್ತಿಗೇ ದನಿ ಸಣ್ಣಗಾಯಿತಂತೆ.